ಗಡಾಯಿಕಲ್ಲಿನ ಕೋಟೆಯ ಮೇಲೆ ರಾತ್ರಿ ಶಿಬಿರ ಹೂಡಬಹುದೇ?

ಪ್ರಶ್ನೆ: ನಾನು ಉಡುಪಿ ಸಮೀಪದ ಒಂದು ಹಳ್ಳಿಯ ಯುವಕ ಮಂಡಲದ ಕಾರ್ಯದರ್ಶಿ. ಬರುವ ಜನವರಿಯ ಒಂದು ವಾರಾಂತ್ಯದಲ್ಲಿ ನಮ್ಮ 28 ಮಂದಿ ಸದಸ್ಯರನ್ನು ಬೆಳ್ತಂಗಡಿ ಬಳಿಯ ಗಡಾಯಿಕಲ್ಲಿಗೆ ಕರೆದೊಯ್ದು, ಕೋಟೆಯ ಮೇಲೆಯೇ ಡೇರೆ ಹಾಕಿ ಒಂದು ರಾತ್ರಿ ಉಳಿಯುವ ಯೋಜನೆ ಹಾಕಿದ್ದೇವೆ. ಎಲ್ಲರೂ 14ರಿಂದ 21 ವರ್ಷದೊಳಗಿನವರು, ಒಂಬತ್ತು ಮಂದಿ ಹುಡುಗಿಯರು. ರಾತ್ರಿ ಶಿಬಿರಾಗ್ನಿ, ಬೆಳಿಗ್ಗೆ ಎರಡು ತಂಡಗಳಾಗಿ ‘ಕೋಟೆ ಗೆಲ್ಲುವ ಆಟ’ ಎಂಬ ಕಾರ್ಯಕ್ರಮವಿದೆ. ಮಂಡಲದ ಹಿರಿಯರು ‘ನಾವೆಲ್ಲ ಅಲ್ಲಿ ಮಲಗಿ ಬಂದವರೇ, ಯಾರ ಅನುಮತಿ ಬೇಕು’ ಎನ್ನುತ್ತಾರೆ. ಕೆಲವು ತಾಯಂದಿರು ಅಲ್ಲಿ ಕೈದಿಗಳನ್ನು ಬಂಡೆಯಿಂದ ಕೆಳಗೆ ತಳ್ಳಿ ಕೊಂದಿದ್ದಾರೆ, ರಾತ್ರಿ ಮಕ್ಕಳನ್ನು ಬಿಡುವುದಿಲ್ಲ ಎನ್ನುತ್ತಾರೆ. ಡೇರೆಯ ಸುತ್ತ ಉಪ್ಪು ಸುರಿದರೆ ಹಾವು ಬರುವುದಿಲ್ಲವೆಂದು ಒಬ್ಬರು ಹೇಳಿದ್ದಾರೆ. ಒಬ್ಬ ಹುಡುಗ ಲೋಹಶೋಧಕ ಯಂತ್ರ ತರಿಸಿಕೊಂಡು ಫಿರಂಗಿ ಗುಂಡು ಹುಡುಕುವ ಉತ್ಸಾಹದಲ್ಲಿದ್ದಾನೆ. ಇನ್ನೊಬ್ಬ ಹಿರಿಯರು ‘ಟಿಪ್ಪುವಿನ ಕೋಟೆಗೆ ಹೋದರೆ ಊರಲ್ಲಿ ಸುಮ್ಮನೆ ಮಾತು ಬರುತ್ತದೆ, ಬಿಟ್ಟುಬಿಡಿ’ ಎಂದಿದ್ದಾರೆ. ನಾನು ಏನು ಮಾಡಬೇಕು?

ಉತ್ತರ: ನಿಮ್ಮ ಪತ್ರದಲ್ಲಿ ಐದಾರು ಪ್ರಶ್ನೆಗಳಿವೆ. ಅವೆಲ್ಲದರ ಕೆಳಗೆ ಇರುವುದು ಒಂದೇ ಆತಂಕವೆಂದು ನನಗನಿಸುತ್ತದೆ: 28 ಮನೆಗಳ ಮಕ್ಕಳನ್ನು ನಂಬಿಕೆಯ ಮೇಲೆ ಕರೆದೊಯ್ಯುತ್ತಿದ್ದೇನೆ, ಏನಾದರೂ ಹೆಚ್ಚುಕಡಿಮೆಯಾದರೆ ಉತ್ತರ ಕೊಡಬೇಕಾದವನು ನಾನೇ ಅಲ್ಲವೇ ಎಂಬುದು. ಮಂಗಳೂರಿನಲ್ಲಿ ಇತಿಹಾಸದ ಪಾಠ ಮಾಡುತ್ತಾ ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರಗಳನ್ನು ನಡೆಸಿದ ನನಗೆ ಆ ಆತಂಕದ ತೂಕ ಗೊತ್ತು. ಆದ್ದರಿಂದ ಉತ್ತರವನ್ನು ಮೊದಲೇ ಹೇಳಿ ಆಮೇಲೆ ಕಾರಣಗಳಿಗೆ ಬರುತ್ತೇನೆ. ಗಡಾಯಿಕಲ್ಲಿಗೆ ಖಂಡಿತ ಹೋಗಿ, ಹಗಲು ಹತ್ತಿ ಹಗಲೇ ಇಳಿಯಿರಿ, ರಾತ್ರಿ ಮಾತ್ರ ಕೆಳಗಿನ ಊರಿನಲ್ಲಿ ಮಲಗಿ.

ಹಿರಿಯರ ಮಾತಿನಿಂದ ಆರಂಭಿಸುತ್ತೇನೆ, ಏಕೆಂದರೆ ಅದು ಸುಳ್ಳಲ್ಲ. ವಿದ್ಯಾರ್ಥಿಯಾಗಿದ್ದಾಗ ನಾನೂ ಅಲ್ಲಿ ಒಂದು ರಾತ್ರಿ ಕಳೆದವನೇ. ಮಲಗಿದ್ದೆ ಎಂದು ಹೇಳಲಾರೆ; ಹಗಲಿಡೀ ಕಾದಿದ್ದ ಬಂಡೆ ನಡುರಾತ್ರಿಯ ಹೊತ್ತಿಗೆ ಬೆನ್ನಿಗೆ ಮಂಜುಗಡ್ಡೆಯಂತೆ ತಾಗುತ್ತಿತ್ತು, ಗಾಳಿಗೆ ಹೊದಿಕೆ ನಿಲ್ಲುತ್ತಿರಲಿಲ್ಲ, ಮೂತ್ರ ವಿಸರ್ಜನೆಗೆಂದು ಎದ್ದ ಗೆಳೆಯನೊಬ್ಬ ಕತ್ತಲಲ್ಲಿ ಯಾವ ಕಡೆಗೆ ನಡೆದನೆಂದು ತಿಳಿಯದೆ ನಾವು ನಾಲ್ವರು ಉಸಿರು ಬಿಗಿಹಿಡಿದು ಅವನ ಹೆಸರು ಕೂಗುತ್ತಾ ಕುಳಿತದ್ದಷ್ಟೇ ಈಗ ಸ್ಪಷ್ಟವಾಗಿ ನೆನಪಿರುವುದು. ಅವನು ಬೀಡಿ ಸೇದುತ್ತಾ ನಮ್ಮ ಬೆನ್ನ ಹಿಂದೆಯೇ ನಿಂತಿದ್ದ. ಅಂದು ನಾವು ಐದು ಮಂದಿ ಇದ್ದೆವು, ಎಲ್ಲರೂ ವಯಸ್ಕರು, ಯಾರಿಗೂ ಯಾರ ಜವಾಬ್ದಾರಿಯೂ ಇರಲಿಲ್ಲ. ನಿಮ್ಮದು 28 ಮಂದಿಯ ಲೆಕ್ಕ, ಅವರಲ್ಲಿ ಹಲವರು ಅಪ್ರಾಪ್ತರು. ಹಿರಿಯರು ತಾವು ಮಲಗಿ ಬಂದದ್ದನ್ನು ಹೇಳುತ್ತಾರೆ, ಆದರೆ ಯಾರಾದರೂ ಅಲ್ಲಿ ಮಕ್ಕಳ ಗುಂಪನ್ನು ಮಲಗಿಸಿದ್ದಾರೆಯೇ ಎಂದು ಒಮ್ಮೆ ಕೇಳಿ ನೋಡಿ.

ಅನುಮತಿಯ ವಿಷಯದಲ್ಲಂತೂ ಕಾಲ ಬದಲಾಗಿದೆ. ಗಡಾಯಿಕಲ್ಲು ಇಂದು ಕುದುರೆಮುಖ ವನ್ಯಜೀವಿ ವಿಭಾಗದ ಸುಪರ್ದಿಯಲ್ಲಿದೆ. ಬೆಟ್ಟದ ಬುಡದಲ್ಲಿ ಅರಣ್ಯ ಇಲಾಖೆಯವರು ಪ್ರವೇಶ ಶುಲ್ಕ ಪಡೆದು, ಹೆಸರು ಬರೆದುಕೊಂಡು ಹತ್ತಲು ಬಿಡುತ್ತಾರೆ. ಮಳೆಗಾಲದಲ್ಲಿ ಮೆಟ್ಟಿಲುಗಳು ಪಾಚಿ ಹಿಡಿದು ಜಾರುವುದರಿಂದ ಚಾರಣವನ್ನೇ ನಿಲ್ಲಿಸುತ್ತಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ರಾಷ್ಟ್ರೀಯ ಉದ್ಯಾನ ಮತ್ತು ಅಭಯಾರಣ್ಯಗಳೊಳಗೆ ಹೋಗುವುದಕ್ಕೇ ಅನುಮತಿ ಬೇಕು, ಉಳಿಯುವುದು ಮತ್ತೂ ಮುಂದಿನ ಮಾತು, ಬೆಂಕಿ ಹಾಕುವುದು ನೇರ ಅಪರಾಧ. ಕೋಟೆಕೊತ್ತಲಗಳ ವಿಷಯದಲ್ಲಿ ಇನ್ನೊಂದು ಕಾನೂನೂ ಇದೆ. ಸಂರಕ್ಷಿತ ಸ್ಮಾರಕವೆಂದು ಕೇಂದ್ರ ಪುರಾತತ್ವ ಇಲಾಖೆಯ ಫಲಕವಿರುವ ಯಾವುದೇ ಜಾಗಕ್ಕೆ 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆ ಅನ್ವಯಿಸುತ್ತದೆ. ಅದರ ನಿಯಮಗಳ ಪ್ರಕಾರ ಸ್ಮಾರಕಗಳು ಸಾಮಾನ್ಯವಾಗಿ ಸೂರ್ಯೋದಯದಿಂದ ಸೂರ್ಯಾಸ್ತದವರೆಗೆ ಮಾತ್ರ ತೆರೆದಿರುತ್ತವೆ, ನಿಗದಿಪಡಿಸಿದ ಜಾಗದ ಹೊರತು ಅಲ್ಲಿ ಅಡುಗೆ ಮಾಡುವಂತಿಲ್ಲ, ಊಟ ಮಾಡುವಂತೆಯೂ ಇಲ್ಲ, ಸಭೆ ಸಮಾರಂಭಗಳಿಗೆ ಪ್ರತ್ಯೇಕ ಅನುಮತಿ ಬೇಕು. ಸ್ಮಾರಕಕ್ಕೆ ಹಾನಿ ಮಾಡಿದವರಿಗೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿಯವರೆಗೆ ದಂಡ, ಅಥವಾ ಎರಡನ್ನೂ ವಿಧಿಸಲು ಅವಕಾಶವಿದೆ. ಡೇರೆಯ ಗೂಟ ಹೊಡೆಯಲು ಸಡಿಲಾದ ಕೋಟೆಗೋಡೆಯ ಸಂದಿಯನ್ನು ಹುಡುಕುವ ಹುಡುಗನಿಗೆ ತಾನು ಹಾನಿ ಮಾಡುತ್ತಿದ್ದೇನೆ ಎಂಬುದೇ ತಿಳಿದಿರುವುದಿಲ್ಲ.

ಕಾನೂನನ್ನು ಬದಿಗಿಟ್ಟು ನೋಡಿದರೂ ಆ ಬಂಡೆಯ ಮೇಲಿನ ರಾತ್ರಿಗೆ ಅಡ್ಡ ಬರುವುದು ನೀರು. ಬುಡದಿಂದ ಮೇಲಕ್ಕೆ 1876 ಮೆಟ್ಟಿಲುಗಳೆಂದು ಲೆಕ್ಕ ಹೇಳುತ್ತಾರೆ, ಅವುಗಳಲ್ಲಿ ಬಹುಪಾಲು ಬಂಡೆಯಲ್ಲೇ ಕಡಿದವು, ಅನೇಕ ಕಡೆ ಒಬ್ಬರು ಹತ್ತುವಾಗ ಇಳಿಯುವವರು ಬದಿಗೆ ಸರಿದು ನಿಲ್ಲಬೇಕಾಗುತ್ತದೆ. ಮೇಲೆ ಮಳೆನೀರು ಹಿಡಿದಿಡುವ ಹಳೆಯ ಕೆರೆಯಿದೆ. ನಿಮ್ಮ ಮಕ್ಕಳು ಅದನ್ನು ನೋಡಲಿ, ಕುಡಿಯುವುದು ಬೇಡ. ಕುಡಿಯಲು, ಅಡುಗೆಗೆ, ಪಾತ್ರೆ ತೊಳೆಯಲು ತಲೆಗೆ ಐದು ಲೀಟರಿನಂತೆ ಬಿಗಿಯಾಗಿ ಲೆಕ್ಕ ಹಾಕಿದರೂ 28 ಮಂದಿಗೆ ಒಂದು ದಿನಕ್ಕೆ 140 ಲೀಟರ್ ಬೇಕು, ಅಂದರೆ 140 ಕಿಲೋ ಭಾರವನ್ನು ಅಷ್ಟೂ ಮೆಟ್ಟಿಲುಗಳ ಮೇಲೆ ಹೊರಬೇಕು. ಶೌಚದ ವ್ಯವಸ್ಥೆ ಇದರಲ್ಲಿ ಸೇರಿಲ್ಲ. ಒಂಬತ್ತು ಹುಡುಗಿಯರಿರುವ ಶಿಬಿರದಲ್ಲಿ ಅದನ್ನು ‘ಹೇಗೋ ಆಗುತ್ತದೆ’ ಎಂದು ಬಿಡುವಂತಿಲ್ಲ. ಹೇಗೂ ಆಗುವುದಿಲ್ಲ ಎಂಬುದು ನನ್ನ ಅನುಭವ.

ಈ ನೀರಿನ ಲೆಕ್ಕವನ್ನು ಅಡಚಣೆಯೆಂದು ಮಾತ್ರ ನೋಡಬೇಡಿ. ನೀವು ಅಲ್ಲಿಗೆ ಹೋಗುವ ಉದ್ದೇಶವೇ ಅದರಲ್ಲಿದೆ. ಟಿಪ್ಪು ಸುಲ್ತಾನ 1794ರಲ್ಲಿ ಇಲ್ಲಿ ಕೋಟೆ ಕಟ್ಟಿಸಿ ಜಮಾಲಾಬಾದ್ ಎಂದು ಹೆಸರಿಟ್ಟ; ಅದು ಅವನ ತಾಯಿಯ ನೆನಪಿಗೆ ಎನ್ನುತ್ತಾರೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಬಳಿಕ ಇದು ಇಂಗ್ಲಿಷರ ಕೈ ಸೇರಿತು. ಆಮೇಲೆ ತಿಮ್ಮ ನಾಯಕ ಎಂಬವನ ತಂಡ ಹಠಾತ್ತನೆ ಇದನ್ನು ವಶಪಡಿಸಿಕೊಂಡು ಕೆಲವು ತಿಂಗಳು ಹಿಡಿದಿಟ್ಟುಕೊಂಡಿತು, 1800ರಲ್ಲಿ ಇಂಗ್ಲಿಷರು ಮತ್ತೆ ಪಡೆದುಕೊಂಡರು. ಇಂಥ ಬಂಡೆಗೋಟೆಯನ್ನು ಏಣಿ ಹಾಕಿ ಗೆಲ್ಲುವುದು ಕಷ್ಟ. ಬುಡವನ್ನು ಸುತ್ತುವರಿದು, ಮೇಲಿನವರ ಅಕ್ಕಿ ಮತ್ತು ನೀರು ಮುಗಿಯುವುದನ್ನು ಕಾಯುತ್ತಾ ಕೂರುವುದು ಸುಲಭ. ಮಂಗಳೂರು ಕೋಟೆಯ ಕಥೆಯೂ ಹಾಗೆಯೇ ಮುಗಿಯಿತು. 1783ರ ಮೇ ತಿಂಗಳಿನಲ್ಲಿ ಟಿಪ್ಪುವಿನ ಸೈನ್ಯ ಅದನ್ನು ಮುತ್ತಿತು, ಒಳಗಿದ್ದ ಇಂಗ್ಲಿಷ್ ಕರ್ನಲ್ ಕ್ಯಾಂಪ್‌ಬೆಲ್‌ನ ಪಡೆ ತಿಂಗಳುಗಟ್ಟಲೆ ಹಸಿವು ಮತ್ತು ಕಾಯಿಲೆಗಳಿಂದ ಸವೆದು 1784ರ ಜನವರಿ 30ರಂದು ಕೋಟೆ ಬಿಟ್ಟುಕೊಟ್ಟಿತು, ಮಾರ್ಚ್ 11ರಂದು ಮಂಗಳೂರಿನ ಒಪ್ಪಂದಕ್ಕೆ ಸಹಿ ಬಿತ್ತು. ಎರಡು ಲೀಟರ್ ಬಾಟಲಿ ಹಿಡಿದು ಮೇಲೇರಿ, ಮಧ್ಯಾಹ್ನ ಹನ್ನೆರಡಕ್ಕೆ ಅದರ ತಳ ಕಂಡ ಹುಡುಗನಿಗೆ ಮುತ್ತಿಗೆಯೆಂದರೇನು ಎಂದು ನಾನು ತರಗತಿಯಲ್ಲಿ ಮತ್ತೆ ವಿವರಿಸಬೇಕಾಗಿ ಬಂದದ್ದಿಲ್ಲ.

ಇನ್ನು ಶಿಬಿರಾಗ್ನಿ. ಇದರ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ, ಏಕೆಂದರೆ ನಿಮ್ಮ ಪತ್ರದಲ್ಲಿ ಯಾರೂ ಭಯಪಡದ ಸಂಗತಿ ಇದೊಂದೇ, ನಾನು ಅತ್ಯಂತ ಹೆಚ್ಚು ಭಯಪಡುವುದೂ ಇದಕ್ಕೇ. ಬಂಡೆಯ ಮೇಲೆ ದೊಡ್ಡ ಬೆಂಕಿ ಹಾಕಿದರೆ ಕಲ್ಲಿನ ಮೇಲ್ಪದರ ಕಾದು ಹಿಗ್ಗಿ, ಚಿಪ್ಪಿನಂತೆ ಎದ್ದು, ಒಮ್ಮೊಮ್ಮೆ ಸಿಡಿಯುವುದೂ ಉಂಟು. ಸುಣ್ಣದ ಗಾರೆಯ ಗೋಡೆಯ ಪಕ್ಕದಲ್ಲಾದರೆ ಗಾರೆ ಪುಡಿಯಾಗುತ್ತದೆ. ಜನವರಿಯ ನಂತರ ಒಣಹುಲ್ಲಿಗೆ ಒಂದು ಕಿಡಿ ಸಾಕು. ಇವೆಲ್ಲಕ್ಕಿಂತ ಹತ್ತಿರದ ಅಪಾಯವೆಂದರೆ ಹೆಜ್ಜೇನು. ಕಡಿದಾದ ಬಂಡೆಗಳ ಮಾಡಿನಂಥ ಚಾಚುಗಳ ಕೆಳಗೆ ಹೆಜ್ಜೇನು ಗೂಡು ಕಟ್ಟುತ್ತದೆ, ಮೇಲೆ ನಿಂತವರಿಗೆ ಅದು ಕಾಣುವುದೇ ಇಲ್ಲ, ಹೊಗೆ ಮಾತ್ರ ಗಾಳಿಗೆ ನೇರವಾಗಿ ಅಲ್ಲಿಗೆ ಇಳಿಯುತ್ತದೆ.

ಹಲವು ವರ್ಷಗಳ ಹಿಂದೆ, ಬೇರೊಂದು ಬಂಡೆಯ ಬುಡದಲ್ಲಿ, ನಾನೇ ಮಾಡಿದ ತಪ್ಪೊಂದನ್ನು ಹೇಳಬೇಕು. ಡಿಸೆಂಬರಿನ ಒಂದು ಬೆಳಿಗ್ಗೆ ಚಹಾ ಕಾಯಿಸಲು ಹುಡುಗರು ಮೂರು ಕಲ್ಲಿಟ್ಟು ಹಸಿ ಸೌದೆ ಹಚ್ಚಿದರು. ಹೊಗೆ ಬಂಡೆಗೆ ತಾಗಿಕೊಂಡು ಮೇಲೇರುತ್ತಿದ್ದುದನ್ನು ನಾನು ನೋಡಿದೆ, ಚೆನ್ನಾಗಿದೆಯೆಂದೂ ಅಂದುಕೊಂಡೆ, ತಲೆಯೆತ್ತಿ ಇನ್ನೂ ಮೇಲೆ ನೋಡಲಿಲ್ಲ. ಮೊದಲು ಕೇಳಿಸಿದ್ದು ದೂರದಲ್ಲಿ ಯಾರೋ ಮೋಟಾರು ಚಾಲೂ ಮಾಡಿದಂಥ ಸದ್ದು. ಒಬ್ಬ ಹುಡುಗ ಕೈ ಬೀಸಿ ಒಂದನ್ನು ಹೊಡೆದ; ಹೊಡೆದ ಜೇನಿನಿಂದ ಹೊರಡುವ ವಾಸನೆಯೇ ಉಳಿದವಕ್ಕೆ ಕರೆ, ಕ್ಷಣದಲ್ಲಿ ಅವನ ತಲೆ ಮುಸುಕಿದಂತಾಯಿತು. ಬೆಡ್‌ಶೀಟ್ ಮುಚ್ಚಿ ಅವನನ್ನು ಎಳೆದುಕೊಂಡು ರಸ್ತೆಯವರೆಗೆ ಓಡಿದೆವು, ತಾಲೂಕು ಆಸ್ಪತ್ರೆಯಲ್ಲಿ ದಾದಿಯೊಬ್ಬರು ಅವನ ಕುತ್ತಿಗೆ ಮತ್ತು ಕಿವಿಯ ಹಿಂದಿನಿಂದ ಮುಳ್ಳುಗಳನ್ನು ಒಂದೊಂದಾಗಿ ಕೆರೆದು ತೆಗೆಯುವಾಗ ನಾನು ಪಕ್ಕದಲ್ಲಿ ಎಣಿಸುತ್ತಿದ್ದೆ, ನಲವತ್ತು ದಾಟಿದ ಮೇಲೆ ಎಣಿಸಲು ಮನಸ್ಸು ಬರಲಿಲ್ಲ. ಅವನು ಗುಣಮುಖನಾಗಿ ಮೂರನೇ ದಿನ ಮನೆಗೆ ಹೋದ. ಅವನ ತಂದೆ ನನಗೆ ಒಂದು ಮಾತೂ ಬೈಯಲಿಲ್ಲ, ಬೈದಿದ್ದರೆ ಒಳ್ಳೆಯದಿತ್ತು. ಆ ಬಂಡೆಯಿಂದ ರಸ್ತೆ ಇನ್ನೂರು ಮೀಟರ್ ದೂರದಲ್ಲಿತ್ತು ಎಂಬುದನ್ನು ಗಮನಿಸಿ. ಗಡಾಯಿಕಲ್ಲಿನ ಮೇಲಿದ್ದರೆ ಅವನಿಗೂ ರಸ್ತೆಗೂ ನಡುವೆ ಸಾವಿರಾರು ಮೆಟ್ಟಿಲು, ಎರಡೂ ಬದಿಯಲ್ಲಿ ಇಳಿಜಾರು.

ಹೆಜ್ಜೇನು ಬೆಳದಿಂಗಳ ರಾತ್ರಿಗಳಲ್ಲಿ ಹಾರಾಡುತ್ತದೆ, ದೀಪಕ್ಕೆ ಮುತ್ತುತ್ತದೆ. ಆದ್ದರಿಂದ ಹುಣ್ಣಿಮೆ ನೋಡಿ ದಿನ ಗೊತ್ತು ಮಾಡಿದರೆ ಟಾರ್ಚಿನ ಅಗತ್ಯವಿಲ್ಲ, ಬೆಂಕಿ ಹಾಕದಿದ್ದರೆ ಸಾಕು ಎಂಬ ಉಪಾಯವೂ ನಿಲ್ಲುವುದಿಲ್ಲ. ಹಗಲು ಹತ್ತುವಾಗಲೂ ಸುಗಂಧ ಹಾಕಿಕೊಳ್ಳದಿರುವುದು, ಕೂಗಾಡದಿರುವುದು, ಕಲ್ಲು ಎಸೆಯದಿರುವುದು ಇಷ್ಟನ್ನು ಬಿಗಿಯಾಗಿ ಪಾಲಿಸಿ. ಒಂದೊಮ್ಮೆ ಜೇನು ಎದ್ದರೆ ಕೈಬೀಸದೆ ಮುಖ ಮುಚ್ಚಿಕೊಂಡು ದೂರ ಸರಿಯಬೇಕು, ಸುರಕ್ಷಿತ ಜಾಗ ತಲುಪಿದೊಡನೆ ಮುಳ್ಳುಗಳನ್ನು ಹೇಗಾದರೂ ಸರಿ, ತಡಮಾಡದೆ ಕೀಳಬೇಕು.

ಉಪ್ಪಿನ ವೃತ್ತ ಹಾಕಿದರೆ ಹಾವು ದಾಟುವುದಿಲ್ಲ ಎಂಬುದು ಸುಳ್ಳು. ಬಸವನಹುಳಕ್ಕೆ ಉಪ್ಪು ತಾಗಿದರೆ ಅದು ಕರಗುವುದನ್ನು ನೋಡಿದವರು ಹಾವಿಗೂ ಅದನ್ನೇ ಅನ್ವಯಿಸಿರಬೇಕು. ಹಾವಿನ ಮೈಯ ಹುರುಪೆಗೆ ಉಪ್ಪು ಏನೂ ಮಾಡುವುದಿಲ್ಲ. ಕಾರ್ಬಾಲಿಕ್ ಆಮ್ಲವೂ ಹಾಗೆಯೇ, ಹಾವಿಗಿಂತ ಮೊದಲು ಮಕ್ಕಳ ಚರ್ಮ ಸುಡುತ್ತದೆ. ಹಾವು ಬರುವುದು ಇಲಿಯ ಹಿಂದೆ, ಇಲಿ ಬರುವುದು ಚೆಲ್ಲಿದ ಅನ್ನದ ಹಿಂದೆ. ಶಿಬಿರಗಳ ಮಟ್ಟಿಗೆ ನಾನು ಹೆಚ್ಚು ಎಚ್ಚರ ವಹಿಸುವುದು ಕೆಲವೆಡೆ ಕಡಂಬಳವೆಂದು ಕರೆಯುವ ಕಟ್ಟುಹಾವಿನ ಬಗ್ಗೆ. ಅದು ರಾತ್ರಿ ಸಂಚರಿಸುತ್ತದೆ, ನೆಲದ ಮೇಲೆ ಮಲಗಿದವರನ್ನು ಕಚ್ಚುವುದೇ ಹೆಚ್ಚು. ಕಚ್ಚಿದ ಜಾಗದಲ್ಲಿ ನೋವು, ಊತ ಅಷ್ಟಾಗಿ ಇರುವುದಿಲ್ಲ, ಹೊಟ್ಟೆನೋವು ಎಂದು ಎದ್ದ ಹುಡುಗನ ಕಣ್ಣುರೆಪ್ಪೆ ಜೋತುಬಿದ್ದಾಗಲೇ ವಿಷಯ ತಿಳಿಯುವುದು. ಕಚ್ಚಿದ ಅಂಗ ಅಲುಗಾಡದಂತೆ ಇಟ್ಟು, ಕುಯ್ಯದೆ, ಬಿಗಿಯಾಗಿ ಕಟ್ಟದೆ, ಪ್ರತಿವಿಷ ಇರುವ ಆಸ್ಪತ್ರೆಗೆ ತಲುಪಿಸುವುದೊಂದೇ ದಾರಿ, ಅಲ್ಲಿ ಎಣಿಕೆಗೆ ಬರುವುದು ಗಂಟೆಗಳು. 108ಕ್ಕೆ ಕರೆ ಮಾಡಿದರೆ ಆಂಬುಲೆನ್ಸ್ ಬೆಟ್ಟದ ಬುಡಕ್ಕೆ ಬಂದೀತು. ಮೇಲಿಂದ ಬುಡದವರೆಗೆ ಕತ್ತಲಲ್ಲಿ ಒಬ್ಬನನ್ನು ಹೊತ್ತು ಇಳಿಸುವವರು ಯಾರು, ಮೆಟ್ಟಿಲಿನ ಅಗಲದಲ್ಲಿ ಸ್ಟ್ರೆಚರ್ ತಿರುಗುವುದೇ ಎಂದು ಯೋಚಿಸಿ. ಸೊಳ್ಳೆಪರದೆಯನ್ನು ಹಾಸಿಗೆಯ ಅಡಿಗೆ ಸಿಕ್ಕಿಸಿ, ಸಿಮೆಂಟ್ ನೆಲದ ಶಾಲಾ ಕೋಣೆಯಲ್ಲಿ ಮಲಗಿದರೆ ಈ ಅಪಾಯದ ಬಹುಪಾಲು ಇಲ್ಲವಾಗುತ್ತದೆ.

ಜನವರಿಯೆಂದರೆ ಮಂಗನ ಕಾಯಿಲೆಯ ಕಾಲವೂ ಹೌದು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಈ ಜ್ವರ 1980ರ ದಶಕದ ಆರಂಭದಲ್ಲಿ ಬೆಳ್ತಂಗಡಿ ತಾಲೂಕಿನಲ್ಲೂ ಕಾಣಿಸಿಕೊಂಡಿತ್ತು. ಹರಡುವುದು ಕಾಡಿನ ಉಣುಗುಗಳಿಂದ, ಡಿಸೆಂಬರಿನಿಂದ ಮೇ ವರೆಗೆ ಹೆಚ್ಚು. ಇದಕ್ಕೆ ಹೆದರಿ ಚಾರಣ ಬಿಡಬೇಕಾಗಿಲ್ಲ. ಹೊರಡುವ ವಾರ ಸ್ಥಳೀಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ, ಉಣುಗು ಹತ್ತದಂತೆ ಅವರು ಕೊಡುವ ಡೆಪಾ ತೈಲವನ್ನು ಕೈಕಾಲಿಗೆ ಹಚ್ಚಿಕೊಳ್ಳಿ, ತರಗೆಲೆಯ ಮೇಲೆ ಕೂರದಿರಿ, ಸಂಜೆ ಬಿಸಿನೀರಿನಲ್ಲಿ ಮೈ ತೊಳೆದು ಬಟ್ಟೆ ಬದಲಿಸಿ. ಬಿಸಿನೀರು ಸಿಗುವುದೂ ಕೆಳಗೇ. ಮರಳಿದ ಬಳಿಕ ಎರಡು ವಾರದೊಳಗೆ ಯಾರಿಗಾದರೂ ಜ್ವರ ಬಂದರೆ ಕಾಡಿಗೆ ಹೋಗಿ ಬಂದದ್ದನ್ನು ವೈದ್ಯರಿಗೆ ಮೊದಲು ಹೇಳಬೇಕೆಂದು ಮನೆಯವರಿಗೆ ತಿಳಿಸಿರಿ. ಕಾರಣಾಂತರದಿಂದ ಶಿಬಿರ ಏಪ್ರಿಲ್‌ಗೆ ಹೋದರೆ ಸಿಡಿಲಿನ ಲೆಕ್ಕವೂ ಸೇರುತ್ತದೆ, ಆಗ ಮಧ್ಯಾಹ್ನಕ್ಕೆ ಮೊದಲೇ ಬೆಟ್ಟ ಇಳಿದಿರಬೇಕು.

ತಾಯಂದಿರ ಮಾತನ್ನು ನಗೆಯಾಡಬೇಡಿ. ಕೈದಿಗಳನ್ನು ಬಂಡೆಯಿಂದ ತಳ್ಳಿದ ಕಥೆ ಗಡಾಯಿಕಲ್ಲಿಗೆ ಮಾತ್ರ ಸೇರಿದ್ದಲ್ಲ, ನಂದಿಬೆಟ್ಟದಲ್ಲಿ ‘ಟಿಪ್ಪು ಡ್ರಾಪ್’ ಎಂಬ ಜಾಗವನ್ನೇ ತೋರಿಸುತ್ತಾರೆ. ಕೋಟೆಯಿದ್ದು ಪಕ್ಕದಲ್ಲಿ ಪ್ರಪಾತವಿದ್ದಲ್ಲೆಲ್ಲ ಈ ಕಥೆ ಹುಟ್ಟಿಕೊಳ್ಳುತ್ತದೆ. ಆದ್ದರಿಂದ ಅದನ್ನು ಊರವರ ಕಥೆಯೆಂದೇ ಮಕ್ಕಳಿಗೆ ಹೇಳಿ, ಇತಿಹಾಸವೆಂದು ಹೇಳಬೇಡಿ. ಯುದ್ಧ ನಡೆದಲ್ಲಿ ಜನ ಸತ್ತಿದ್ದಾರೆ ಎಂಬುದು ಮಾತ್ರ ಕಥೆಯಲ್ಲ. ನಮ್ಮ ತುಳುನಾಡಿನಲ್ಲಿ ಒಂದು ಜಾಗಕ್ಕೆ ಕಾಲಿಡುವ ಮೊದಲು ಅಲ್ಲಿಯ ದೈವದ ಕಟ್ಟೆ ಯಾವುದು, ಕಲ್ಲು ಯಾವುದು, ಚಪ್ಪಲಿ ಎಲ್ಲಿ ಬಿಡಬೇಕು ಎಂದು ಊರಿನವರನ್ನು ಕೇಳುವ ಕ್ರಮವಿದೆ. ಆ ಕ್ರಮವನ್ನು ಪಾಲಿಸಿ. ತಾಯಂದಿರು ನಿಜವಾಗಿ ಹೇಳುತ್ತಿರುವುದು ‘ಆ ಪ್ರಪಾತದ ಹತ್ತಿರ ನನ್ನ ಮಗು ರಾತ್ರಿ ಇರುವುದು ಬೇಡ’ ಎಂಬುದನ್ನು, ಅದು ನನ್ನ ಅಭಿಪ್ರಾಯವೂ ಹೌದು.

ಲೋಹಶೋಧಕವನ್ನು ಮನೆಯಲ್ಲೇ ಬಿಡಿಸಿ. ನೆಲದಲ್ಲಿ ಹುದುಗಿರುವ, ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯ ಯಾವುದೇ ನಿಧಿ ಸಿಕ್ಕಿದರೂ ಜಿಲ್ಲಾಧಿಕಾರಿಗೆ ತಿಳಿಸಬೇಕೆಂದು 1878ರ ನಿಧಿ ಕಾಯ್ದೆ ಹೇಳುತ್ತದೆ, ಸಂರಕ್ಷಿತ ಜಾಗದಲ್ಲಿ ಅಗೆಯುವುದಂತೂ ಪ್ರತ್ಯೇಕ ಅಪರಾಧ. ಆದರೆ ಆ ಹುಡುಗನಿಗೆ ಕಾನೂನು ಹೇಳಿ ಬಾಯಿ ಮುಚ್ಚಿಸುವ ಬದಲು ಬಿದನೂರು ನಗರದ ಬಾವಿಯ ಕಥೆ ಹೇಳಿ. 2018ರಲ್ಲಿ ಹೊಸನಗರ ತಾಲೂಕಿನ ಬಿದನೂರು ನಗರದಲ್ಲಿ ಒಂದು ಪಾಳು ಬಾವಿಯಿಂದ ಟಿಪ್ಪು ಕಾಲದ ಸಾವಿರಕ್ಕೂ ಹೆಚ್ಚು ಕಬ್ಬಿಣದ ರಾಕೆಟ್ಟುಗಳನ್ನು ಪುರಾತತ್ವ ಇಲಾಖೆಯವರು ಹೊರತೆಗೆದರು. ಬಾವಿಯ ಮಣ್ಣಿಗೆ ಸಿಡಿಮದ್ದಿನ ವಾಸನೆ ಇದ್ದುದೇ ಅಗೆಯಲು ಸುಳಿವು ಕೊಟ್ಟಿತ್ತು. ಒಬ್ಬೊಬ್ಬರು ಒಂದೊಂದನ್ನು ಎತ್ತಿಕೊಂಡು ಮನೆಯ ಕಪಾಟಿನಲ್ಲಿ ಇಟ್ಟಿದ್ದರೆ ಅವು ಕೇವಲ ತುಕ್ಕು ಹಿಡಿದ ಕೊಳವೆಗಳಾಗುತ್ತಿದ್ದವು. ಎಲ್ಲವೂ ಒಂದೇ ಬಾವಿಯಲ್ಲಿ, ಒಟ್ಟಿಗೆ ಸಿಕ್ಕಿದ್ದರಿಂದಲೇ ಅದು ಆಯುಧ ದಾಸ್ತಾನು ಎಂದು ಓದಲು ಸಾಧ್ಯವಾಯಿತು. ಅವನ ಕೈಗೆ ಅಳತೆಯ ಟೇಪು ಮತ್ತು ನೋಟ್‌ಪುಸ್ತಕ ಕೊಟ್ಟು ಗೋಡೆಯ ದಪ್ಪ, ಕಂಡಿಗಳ ದಿಕ್ಕು, ಕೆರೆಯ ಉದ್ದಗಲ ಬರೆದುಕೊಳ್ಳುವ ಕೆಲಸ ಒಪ್ಪಿಸಿ. ಏನಾದರೂ ಕಣ್ಣಿಗೆ ಬಿದ್ದರೆ ಮುಟ್ಟದೆ ಚಿತ್ರ ತೆಗೆದು ಇಲಾಖೆಗೆ ತಿಳಿಸಲಿ.

ಕೋಟೆ ಗೆಲ್ಲುವ ಆಟವನ್ನು ಪೂರ್ತಿ ಕೈಬಿಡಿ. ಇಕ್ಕಟ್ಟಾದ ಮೆಟ್ಟಿಲಿನಲ್ಲಿ ಓಡಿ ನುಗ್ಗುವ ಆಟ ಎಂಬುದಷ್ಟೇ ಸಾಕಷ್ಟು ಕಾರಣ. ಎರಡನೆಯ ಕಾರಣ ನಿಮ್ಮ ಹಿರಿಯರು ಹೇಳಿದ ‘ಮಾತು’. ಆ ಬೆಟ್ಟಕ್ಕೆ ಮೂರು ಹೆಸರುಗಳಿವೆ: ಗಡಾಯಿಕಲ್ಲು, ನರಸಿಂಹಗಡ, ಜಮಾಲಾಬಾದ್. ಯಾರು ಯಾವ ಹೆಸರು ಹೇಳುತ್ತಾರೆ ಎಂಬುದರಲ್ಲೇ ಈಗ ಕೆಲವರು ಪಕ್ಷ ಹುಡುಕುತ್ತಾರೆ. ನಾನು ಮೂರನ್ನೂ ಕಪ್ಪುಹಲಗೆಯ ಮೇಲೆ ಬರೆಯುತ್ತಿದ್ದೆ. ಇಂಗ್ಲಿಷರೊಡನೆ ಹೋರಾಡುತ್ತಾ 1799ರಲ್ಲಿ ಸತ್ತವನು ಟಿಪ್ಪು ಎಂಬುದು ನಿಜ. 1784ರಲ್ಲಿ ಕರಾವಳಿಯ ಕೆಥೋಲಿಕರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋಗಲು ಆಜ್ಞೆ ಮಾಡಿದವನೂ ಅವನೇ. ನಿಮ್ಮ 28 ಮಂದಿಯಲ್ಲಿ ಬೇರೆಬೇರೆ ಮನೆಗಳ ಮಕ್ಕಳಿರುತ್ತಾರೆ, ಒಬ್ಬೊಬ್ಬರ ಮನೆಯಲ್ಲಿ ಒಂದೊಂದು ನೆನಪು ಉಳಿದಿರುತ್ತದೆ. ಅವರನ್ನು ಎರಡು ಪಡೆಗಳಾಗಿ ಮಾಡಿ ಒಂದಕ್ಕೆ ಒಂದು ಹೆಸರಿಟ್ಟರೆ ಸಂಜೆಯ ಹೊತ್ತಿಗೆ ಅದು ಆಟವಾಗಿ ಉಳಿಯುವುದಿಲ್ಲ. ಹೆದರಿ ಹೋಗದಿರುವುದಕ್ಕಿಂತ ಹೋಗಿ, ಎರಡನ್ನೂ ಮುಚ್ಚುಮರೆಯಿಲ್ಲದೆ ಹೇಳುವುದು ಮೇಲು. ಮಾತು ಬಂದರೆ ಬರಲಿ, ನಿಮ್ಮ ಬಳಿ ಹೇಳಲು ಇಸವಿಗಳಿರುತ್ತವೆ.

ಈಗ ನಿಮ್ಮ ಮುಂದಿರುವ ದಾರಿಗಳು. ನಾನಾದರೆ ಶನಿವಾರ ಮಧ್ಯಾಹ್ನ ಬೆಟ್ಟದ ಸಮೀಪದ ಊರು ತಲುಪಿ, ಶಾಲೆ ಅಥವಾ ಸಮುದಾಯ ಭವನದಲ್ಲಿ ತಂಗುತ್ತೇನೆ. ಶಾಲೆಯಾದರೆ ಮುಖ್ಯೋಪಾಧ್ಯಾಯರ ಒಪ್ಪಿಗೆಯ ಜೊತೆಗೆ ಕ್ಷೇತ್ರ ಶಿಕ್ಷಣಾಧಿಕಾರಿಯ ಅನುಮತಿಯೂ ಬೇಕು, ಅದಕ್ಕೆ ತಿಂಗಳು ಮೊದಲೇ ಅರ್ಜಿ ಹಾಕಬೇಕು. ಡೇರೆಯಲ್ಲೇ ಮಲಗಬೇಕೆಂಬ ಹುಡುಗರ ಆಸೆಗೆ ಶಾಲೆಯ ಅಂಗಳ ಸಾಕು, ಆದರೆ ಕೆಳಹಾಸು ಹೊಲಿದಿರುವ, ಜಿಪ್ಪು ಪೂರ್ತಿ ಮುಚ್ಚುವ ಡೇರೆಯೇ ಆಗಬೇಕು. ಭಾನುವಾರ ಬೆಳಿಗ್ಗೆ ಪ್ರವೇಶ ಕೊಡುವ ಹೊತ್ತಿಗೆ ಬುಡದಲ್ಲಿದ್ದು, ಎಂಟು ಮಂದಿಗೆ ಒಬ್ಬ ವಯಸ್ಕರಂತೆ ಗುಂಪು ಮಾಡಿ, ಮೊದಲಿಗೊಬ್ಬರು ಕೊನೆಗೊಬ್ಬರು ನಡೆದು, ಮಧ್ಯಾಹ್ನದೊಳಗೆ ಇಳಿಯುತ್ತೇನೆ. ಇದರಲ್ಲೂ ಅಪಾಯ ಪೂರ್ತಿ ಇಲ್ಲವೆಂದಲ್ಲ: ಇಳಿಯುವಾಗ ಮೊಣಕಾಲು ಸೋತು ಜಾರುವವರು ಪ್ರತಿ ತಂಡದಲ್ಲೂ ಒಬ್ಬಿಬ್ಬರು ಇದ್ದೇ ಇರುತ್ತಾರೆ, ಸ್ಲಿಪ್ಪರ್ ಹಾಕಿಕೊಂಡು ಬಂದವರನ್ನು ಬುಡದಲ್ಲೇ ಕೂರಿಸುವ ನಿಷ್ಠುರತೆ ನಿಮಗೆ ಬೇಕಾಗುತ್ತದೆ. ಆಸ್ತಮಾ, ಮೂರ್ಛೆ, ಅಲರ್ಜಿ ಇದ್ದವರ ವಿವರವನ್ನು ಹೆತ್ತವರ ಒಪ್ಪಿಗೆ ಪತ್ರದಲ್ಲೇ ಬರೆಸಿಕೊಳ್ಳಿ, ಹುಡುಗಿಯರ ಜೊತೆ ಇಬ್ಬರು ಮಹಿಳೆಯರು ಎರಡೂ ದಿನ ಇರಲಿ.

ಬೆಟ್ಟಕ್ಕೆ ಅನುಮತಿ ಸಿಗದಿದ್ದರೆ ಮಂಗಳೂರು ನಗರವೇ ಒಂದು ರಣಭೂಮಿ, ಅದು ಎದ್ದು ಕಾಣುವುದಿಲ್ಲ ಅಷ್ಟೆ. ಬೋಳೂರಿನ ಸುಲ್ತಾನ್ ಬತ್ತೇರಿ ಎಂಬ ಟಿಪ್ಪು ಕಾಲದ ಕಾವಲು ಬುರುಜನ್ನು ನೋಡಿ ಮಕ್ಕಳು ‘ಇಷ್ಟೇಯಾ’ ಎನ್ನುತ್ತಾರೆ. ಮೇಲೆ ಹತ್ತಿಸಿ ಕಂಡಿಗಳ ಮೂಲಕ ಗುರುಪುರ ಹೊಳೆಯನ್ನೂ ಎದುರಿನ ತಣ್ಣೀರುಬಾವಿಯ ದಡವನ್ನೂ ನೋಡಿಸಿದರೆ ಹಡಗು ಬರುವ ದಾರಿಗೆ ಗುರಿಯಿಟ್ಟು ಅದನ್ನು ಏಕೆ ಅಲ್ಲಿಯೇ ಕಟ್ಟಿದರೆಂದು ತಾವಾಗಿ ಹೇಳುತ್ತಾರೆ. ಅಲ್ಲಿಂದ ಬಾವುಟಗುಡ್ಡೆಗೆ ಬನ್ನಿ. 1837ರ ಏಪ್ರಿಲ್ 5ರಂದು ಸುಳ್ಯದ ಕಡೆಯಿಂದ ಬಂದ ರೈತರ ದಂಡು ಇಂಗ್ಲಿಷರ ಕೈಯಿಂದ ಮಂಗಳೂರನ್ನು ಹಿಡಿದು ಅಲ್ಲಿ ತಮ್ಮ ಬಾವುಟ ಹಾರಿಸಿತು, 13 ದಿನ ಊರು ಅವರ ಕೈಯಲ್ಲಿತ್ತು. ಆ ದಂಡಿನ ಮುಂದಾಳುಗಳಲ್ಲೊಬ್ಬರಾದ ಕೆದಂಬಾಡಿ ರಾಮಯ್ಯ ಗೌಡರ ಪ್ರತಿಮೆ 2022ರಿಂದ ಅಲ್ಲಿದೆ. ಕೊನೆಗೆ ಬಿಕರ್ನಕಟ್ಟೆ, ಬಂಡಾಯದ ನಾಯಕರನ್ನು ಗಲ್ಲಿಗೇರಿಸಿದ ಜಾಗ. ಇದರಲ್ಲಿರುವ ಅಪಾಯ ಬಸ್ಸು ಮತ್ತು ಬಿಸಿಲು ಮಾತ್ರ, ಕೊರತೆಯೆಂದರೆ ಮಕ್ಕಳಿಗೆ ಶಿಬಿರದಂತೆ ಅನಿಸದಿರಬಹುದು.

ಎರಡನ್ನೂ ಒಂದೇ ವಾರಾಂತ್ಯಕ್ಕೆ ತುರುಕಬೇಡಿ. ಡಿಸೆಂಬರಿನೊಳಗೆ ನೀವು ಮತ್ತು ಇನ್ನೊಬ್ಬರು ಗಡಾಯಿಕಲ್ಲಿಗೆ ಒಮ್ಮೆ ಹೋಗಿ, ಬೆಳ್ತಂಗಡಿಯ ವನ್ಯಜೀವಿ ವಲಯ ಕಚೇರಿಯಲ್ಲಿ ಸದಸ್ಯರ ಪಟ್ಟಿ ಸಹಿತ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಂಡು ಬನ್ನಿ. ಆ ದಿನ ಬೆಟ್ಟ ಹತ್ತಿ ಇಳಿಯಲು ನಿಮಗೆಷ್ಟು ಹೊತ್ತು ಹಿಡಿಯಿತೆಂದು ಬರೆದಿಡಿ, ಮಕ್ಕಳಿಗೆ ಅದರ ಎರಡರಷ್ಟು ಹಿಡಿಯುತ್ತದೆ. ಬುಡದಲ್ಲಿ ನಿಂತು ಒಮ್ಮೆ ತಲೆಯೆತ್ತಿ ಬಂಡೆಯ ಚಾಚುಗಳನ್ನು ನಿಧಾನವಾಗಿ ನೋಡಿ. ಕಪ್ಪಗೆ, ಅರ್ಧಚಂದ್ರಾಕಾರದಲ್ಲಿ ಜೋತುಬಿದ್ದದ್ದು ಕಂಡರೆ ಅದು ಬಂಡೆಯ ಕಲೆಯಲ್ಲ.